ತುಕ್ಕಿನಡಿಯ ಶೆಫೀಲ್ಡು

ಅಂತರಜಾಲದ ಮಾರುಕಟ್ಟೆಯಲ್ಲಿ ಇಂದು ಅಲ್ಪ ಬೆಲೆಗೆ ದೊರೆಯುವ ಪುರಾತನ ಪದಾರ್ಥಗಳಲ್ಲಿ, ಇಂಗ್ಲೆಂಡಿನ ಯಾವುದೋ ಮನೆಯ ಅಟ್ಟದಿಂದಲೋ ಅಮೆರಿಕದ ಯಾವನೋ ಗತಿಸಿದ ಕ್ಷೌರಿಕನ ಪೆಟ್ಟಿಗೆಯಿಂದಲೋ ಹೊರಬಂದು, ಅಲಗೆಲ್ಲ ತುಕ್ಕು ಹಿಡಿದು, ಬಾಯಿ ಮುಕ್ಕಾಗಿ, ಕೊಂಬಿನ ಹಿಡಿ ಸೀಳಿಹೋಗಿ, ಮಾರುವವನಿಗೇ ಅದರ ಕಾಲದೇಶಗಳು ತಿಳಿಯದ ಸ್ಥಿತಿಯಲ್ಲಿ ನಮ್ಮ ಕೈಸೇರುವ ಶೆಫೀಲ್ಡಿನ ಮಡಿಸುವ ಕ್ಷೌರಗತ್ತಿಯೂ ಒಂದು. ಅಷ್ಟು ಕಿರಿದಾದ ಒಡಲಿನಲ್ಲಿ ಅಷ್ಟು ದೀರ್ಘವಾದ ಚರಿತ್ರೆಯನ್ನು ಹೊತ್ತಿರುವ ವಸ್ತುಗಳು ವಿರಳ. ಅದನ್ನು ಕೊಂಡವರಲ್ಲಿ ಬಹುಮಂದಿ ಮೊದಲು ಮಾಡುವ ಕಾರ್ಯವೆಂದರೆ, ವಿದ್ಯುತ್ತಿನಿಂದ ತಿರುಗುವ ಪಾಲೀಶು ಚಕ್ರಕ್ಕೆ ಅಲಗನ್ನು ಒಡ್ಡಿ, ಮುಖ ಕಾಣುವಂತೆ ಹೊಳೆಯುವವರೆಗೂ ತೇಯುವುದು. ಹೀಗೆ ತೇಯ್ದ ಕತ್ತಿ ನೋಟಕ್ಕೆ ಹೊಸದೆಂದು ತೋರುವುದು ದಿಟ. ಆದರೆ ಆಗ ಅಳಿದುಹೋದದ್ದು ತುಕ್ಕು ಮಾತ್ರವಲ್ಲ, ಅದನ್ನು ಬಡಿದ ಕಮ್ಮಾರನ, ಸಾಣೆಯಲ್ಲಿ ಅರೆದ ಕೆಲಸಗಾರನ, ಹೊಳಪಿಟ್ಟ ಹೆಣ್ಣುಮಗಳ ಕೈಗುರುತುಗಳೂ ಕೂಡ. ಆದುದರಿಂದ ಇಂತಹ ಕತ್ತಿಯ ಜೀರ್ಣೋದ್ಧಾರಕ್ಕೆ ಕೈಹಾಕುವವನು ಅದು ಹುಟ್ಟಿದ ಊರಿನ ವೃತ್ತಾಂತವನ್ನು ಮೊದಲು ಅರಿತುಕೊಳ್ಳುವುದು ಅವಶ್ಯವೆಂದು ನಾನು ದೃಢವಾಗಿ ನಂಬಿದ್ದೇನೆ.

ಇಂಗ್ಲೆಂಡಿನ ಉತ್ತರಭಾಗದ ಯಾರ್ಕ್‌ಷೈರಿನಲ್ಲಿ, ಪೆನೈನ್ ಬೆಟ್ಟಸಾಲುಗಳಿಂದ ಇಳಿದುಬರುವ ಡಾನ್, ಶೀಫ್, ಪೋರ್ಟರ್, ರಿವೆಲಿನ್ ಮತ್ತು ಲಾಕ್ಸ್‌ಲಿ ಎಂಬ ಐದು ನದಿಗಳು ಕೂಡುವ ಕಣಿವೆಯಲ್ಲಿ ಶೆಫೀಲ್ಡು ನೆಲೆಗೊಂಡಿದೆ. ಇವು ಮಹಾನದಿಗಳಲ್ಲ, ಆದರೆ ಕಡಿದಾದ ಇಳಿಜಾರಿನಲ್ಲಿ ರಭಸದಿಂದ ಹರಿಯುವುದರಿಂದ ನೀರುಚಕ್ರಗಳನ್ನು ತಿರುಗಿಸಲು ಹೇಳಿ ಮಾಡಿಸಿದಂತಿದ್ದುವು. ಸಾಣೆಗೆ ತಕ್ಕ ಮರಳುಗಲ್ಲು ಸುತ್ತಲಿನ ಬೆಟ್ಟಗಳಲ್ಲಿಯೇ ದೊರೆಯುತ್ತಿತ್ತು. ಹದಿನಾಲ್ಕನೆಯ ಶತಮಾನದ ಕವಿ ಚಾಸರನು ತನ್ನ ಕಥೆಯೊಂದರ ಗಿರಣಿಗಾರನಿಗೆ ಶೆಫೀಲ್ಡಿನ ಚೂರಿಯನ್ನು ಕೊಟ್ಟಿರುವನಾದ್ದರಿಂದ, ಆ ವೇಳೆಗೇ ಈ ಊರಿನ ಕಸುಬು ನಾಡಿನಲ್ಲಿ ಹೆಸರಾಗಿತ್ತೆಂಬುದು ಸ್ಪಷ್ಟ. 1624ರಲ್ಲಿ ಪಾರ್ಲಿಮೆಂಟಿನ ಶಾಸನದ ಮೂಲಕ, ಶೆಫೀಲ್ಡಿನ ಸುತ್ತಲ ಸೀಮೆಯಾದ ಹ್ಯಾಲಂಷೈರಿನ ಕತ್ತಿಗಾರರ ಸಂಘವು ಸ್ಥಾಪಿತವಾಗಿ, ಯಾರು ಶಿಷ್ಯವೃತ್ತಿಯನ್ನು ಪೂರೈಸಿದವರು, ಯಾರು ಯಾವ ಮುದ್ರೆಯನ್ನು ಒತ್ತಬಹುದು ಎಂಬುದನ್ನೆಲ್ಲ ನಿಯಂತ್ರಿಸತೊಡಗಿತು.

ಆ ಮುದ್ರೆಯನ್ನು ಓದುವುದೇ ನಮ್ಮ ಕೈಯಲ್ಲಿರುವ ಕತ್ತಿಯ ಪರೀಕ್ಷೆಯ ಮೊದಲ ಹೆಜ್ಜೆ. ಅಲಗು ಮುಗಿದು ಹಿಡಿಯ ಕೀಲಿಗೆ ಸೇರುವ ದಪ್ಪನೆಯ ಭಾಗದಲ್ಲಿ, ತುಕ್ಕಿನ ಹೊರಪದರಕ್ಕೆ ಎಣ್ಣೆ ಸವರಿ, ಕೆಲವು ದಿನ ನೆನೆಯಲು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಒರೆಸಿದರೆ, ಅಕ್ಷರಗಳು ಒಂದೊಂದಾಗಿ ಮೇಲೇಳುತ್ತವೆ. ಕಿರೀಟದ ಇಕ್ಕೆಲಗಳಲ್ಲಿ ‘ಜಿ’ ಮತ್ತು ‘ಆರ್’ ಎಂದಿದ್ದರೆ ಜಾರ್ಜ್ ದೊರೆಗಳ ಕಾಲವನ್ನೂ, ‘ಡಬ್ಲ್ಯು’ ಮತ್ತು ‘ಆರ್’ ಎಂದಿದ್ದರೆ 1830ರಿಂದ 1837ರವರೆಗೆ ಆಳಿದ ನಾಲ್ಕನೆಯ ವಿಲಿಯಮನ ಕಾಲವನ್ನೂ, ‘ವಿ’ ಮತ್ತು ‘ಆರ್’ ಎಂದಿದ್ದರೆ ವಿಕ್ಟೋರಿಯಾ ರಾಣಿಯ ದೀರ್ಘವಾದ ಆಳಿಕೆಯನ್ನೂ ಸ್ಥೂಲವಾಗಿ ಊಹಿಸಬಹುದು. ದೇಶದ ಹೆಸರು ಇದೆಯೋ ಇಲ್ಲವೋ ಎಂಬುದೂ ಒಂದು ಸಾಕ್ಷ್ಯವೇ: ಅಮೆರಿಕದ 1890ರ ಮೆಕಿನ್ಲಿ ಸುಂಕದ ಕಾಯಿದೆಯು ಪರದೇಶದ ಸರಕಿನ ಮೇಲೆಲ್ಲ ಅದು ತಯಾರಾದ ದೇಶದ ಹೆಸರಿರಬೇಕೆಂದು ವಿಧಿಸಿದ ಬಳಿಕ, ಆ ಪೇಟೆಗೆ ಹೊರಟ ಕತ್ತಿಗಳು ‘ಇಂಗ್ಲೆಂಡ್’ ಎಂಬ ಪದವನ್ನು ಹೊರಲೇಬೇಕಾಯಿತು. ಕೀಲಿನಾಚೆ ಚಾಚಿಕೊಂಡಿರುವ ಬಾಲದಂತಹ ತುದಿಯು ಹದಿನೆಂಟನೆಯ ಶತಮಾನದ ಕತ್ತಿಗಳಲ್ಲಿ ಇಲ್ಲ, ಇದ್ದರೂ ಮೊಟಕು. ಬೆರಳಿಗೆ ಆಧಾರವಾಗುವಂತೆ ಅದು ನೀಳವಾದದ್ದು ಆಮೇಲೆ. ಮುದ್ರೆಯ ಅಕ್ಷರಗಳೆಲ್ಲ ಕೂದಲಿನಷ್ಟು ಆಳದವು. ಒರಟು ಕಾಗದದಿಂದ ಕೆಲವು ನಿಮಿಷ ತಿಕ್ಕಿದರೆ ಒಬ್ಬ ದೊರೆಯ ಕಾಲವೇ ಅಳಿಸಿಹೋಗುವುದು.

ಮುದ್ರೆಯ ಪಕ್ಕದಲ್ಲಿ ಹಲವೊಮ್ಮೆ ‘ಎರಕದ ಉಕ್ಕು’ ಎಂಬರ್ಥದ ಇಂಗ್ಲಿಷ್ ಮಾತು ಕಾಣಸಿಗುತ್ತದೆ. ಅದರ ಹಿಂದೆ ಒಬ್ಬ ಗಡಿಯಾರದವನ ಸಾಧನೆಯಿದೆ. ಅಲ್ಲಿಯ ತನಕ ಶೆಫೀಲ್ಡಿನವರು ಸ್ವೀಡನ್ನಿನಿಂದ ಬಂದ ಉತ್ತಮ ಕಬ್ಬಿಣದ ಸರಳುಗಳನ್ನು ಇದ್ದಲಿನ ಪುಡಿಯೊಡನೆ ಕಲ್ಲಿನ ತೊಟ್ಟಿಗಳಲ್ಲಿ ಪದರಪದರವಾಗಿ ಹುದುಗಿಸಿ, ವಾರವೋ ಅದಕ್ಕೂ ಮಿಗಿಲೋ ಕಾಯಿಸಿ ಉಕ್ಕು ಮಾಡುತ್ತಿದ್ದರು. ಇಂಗಾಲವು ಹೊರಗಿನಿಂದ ಒಳಕ್ಕೆ ನಿಧಾನವಾಗಿ ಇಳಿಯುವುದರಿಂದ ಅಂತಹ ಉಕ್ಕು ಮೇಲ್ಭಾಗದಲ್ಲಿ ಗಡುಸಾಗಿಯೂ ಒಳಗೆ ಮೆದುವಾಗಿಯೂ ಇರುತ್ತಿತ್ತು. ಡಾಂಕಾಸ್ಟರಿನಲ್ಲಿ ಗಡಿಯಾರ ಮಾಡುತ್ತಿದ್ದ ಬೆಂಜಮಿನ್ ಹಂಟ್ಸ್‌ಮನ್ (1704–1776) ಎಂಬಾತನಿಗೆ, ತನ್ನ ಗಡಿಯಾರಗಳ ಸ್ಪ್ರಿಂಗುಗಳು ಈ ಅಸಮತೆಯಿಂದಲೇ ಕೆಡುತ್ತಿವೆಯೆಂಬುದು ಮನವರಿಕೆಯಾಯಿತು. ಆತನು 1740ರ ಸುಮಾರಿಗೆ ಶೆಫೀಲ್ಡಿನ ಸಮೀಪದ ಹ್ಯಾಂಡ್ಸ್‌ವರ್ತಿಗೆ ಬಂದು ನೆಲೆಸಿ, ಆ ಉಕ್ಕನ್ನು ಚೂರುಮಾಡಿ ಜೇಡಿಮಣ್ಣಿನ ಮೂಸೆಯಲ್ಲಿ ತುಂಬಿ, ಕೋಕಿನ ಉರಿಯಲ್ಲಿ ನೀರಾಗುವಂತೆ ಕರಗಿಸಿ, ಅಚ್ಚಿಗೆ ಹೊಯ್ದು, ಆದಿಯಿಂದ ಅಂತ್ಯದವರೆಗೆ ಒಂದೇ ಹದವಿರುವ ಉಕ್ಕನ್ನು ಪಡೆದನು. ಆದರೆ ಊರಿನ ಕತ್ತಿಗಾರರು ಅದು ತಮ್ಮ ಸುತ್ತಿಗೆಗೆ ಬಗ್ಗದಷ್ಟು ಗಡುಸೆಂದು ಕೊಳ್ಳಲು ಒಪ್ಪಲಿಲ್ಲ. ಹಂಟ್ಸ್‌ಮನ್ ತನ್ನ ಉಕ್ಕನ್ನು ಫ್ರಾನ್ಸಿಗೆ ಮಾರಿದನು. ಅದರಿಂದ ಮಾಡಿದ ಫ್ರೆಂಚ್ ಸಾಮಾನು ಇಂಗ್ಲೆಂಡಿನ ಪೇಟೆಗೆ ಬಂದು ತಮ್ಮದನ್ನು ಮೀರಿಸತೊಡಗಿದ ಮೇಲೆಯೇ ಅವರ ಕಣ್ಣು ತೆರೆದದ್ದು. ಚಳಿಯ ಇರುಳಿನಲ್ಲಿ ಭಿಕ್ಷುಕನ ವೇಷದಿಂದ ಒಬ್ಬ ಪ್ರತಿಸ್ಪರ್ಧಿಯು ಕುಲುಮೆಯ ಬಳಿ ಆಶ್ರಯ ಬೇಡಿ, ನಿದ್ರಿಸುವಂತೆ ನಟಿಸಿ, ಮೂಸೆಯ ರಹಸ್ಯವನ್ನು ಕದ್ದೊಯ್ದನೆಂಬ ಐತಿಹ್ಯವೂ ಆ ಊರಿನಲ್ಲಿ ಉಳಿದಿದೆ. ಮೂಸೆಯ ಮಣ್ಣನ್ನು ಬರಿಗಾಲಿನಿಂದ ಗಂಟೆಗಟ್ಟಲೆ ತುಳಿದು ಹದಮಾಡುವವನು, ಒದ್ದೆ ಗೋಣಿಯನ್ನು ಕಾಲಿಗೆ ಸುತ್ತಿಕೊಂಡು ಬೆಳ್ಳಗೆ ಕಾದ ಮೂಸೆಯನ್ನು ಇಕ್ಕುಳದಿಂದ ಮೇಲೆತ್ತುವವನು, ಅದನ್ನು ಅಲುಗದಂತೆ ಅಚ್ಚಿಗೆ ಹೊಯ್ಯುವವನು ಇವರು ಒಬ್ಬೊಬ್ಬರೂ ತಮ್ಮ ತಮ್ಮ ಕಾರ್ಯದಲ್ಲಿ ಪ್ರವೀಣರು. ಶೆಫೀಲ್ಡಿನ ಅಬಿಡೇಲ್ ಎಂಬಲ್ಲಿಯ ಹಳೆಯ ಕೈಗಾರಿಕೆಯ ಪಾಳ್ಯದಲ್ಲಿ ಅಂತಹ ಕುಲುಮೆಯನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ಇಲ್ಲಿ ಕನ್ನಡದ ನೆಲದೊಡನೆ ಈ ಕತ್ತಿಗಿರುವ ಸಂಬಂಧವನ್ನು ಹೇಳದೆ ಮುಂದೆ ಹೋಗಲಾಗದು. ಮೂಸೆಯಲ್ಲಿ ಉಕ್ಕು ತಯಾರಿಸುವ ವಿದ್ಯೆ ದಕ್ಷಿಣ ಭಾರತದಲ್ಲಿ ಹಂಟ್ಸ್‌ಮನ್ನನಿಗಿಂತ ಎಷ್ಟೋ ಶತಮಾನಗಳ ಹಿಂದಿನಿಂದ ಬಳಕೆಯಲ್ಲಿತ್ತು. 1800–1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಆ ವಿಧಾನವನ್ನು ಕಂಡು ವಿವರಿಸಿದ್ದಾನೆ: ಸಣ್ಣ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರೊಡನೆ ತಂಗಡಿ ಗಿಡದ ಕಡ್ಡಿಗಳು ಮತ್ತು ಹಸಿಯ ಎಲೆಗಳು, ಬಾಯಿಗೆ ಮಣ್ಣಿನ ಮುಚ್ಚಳ, ತಿದಿಯ ಗಾಳಿಯಿಂದ ಉರಿಯುವ ಇದ್ದಲ ಬೆಂಕಿ. ಈ ಉಕ್ಕೇ ಐರೋಪ್ಯರ ಬಾಯಲ್ಲಿ ‘ವೂಟ್ಸ್’ ಎನಿಸಿತು. 1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ಅದರ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿಕೊಟ್ಟನು. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಪರೀಕ್ಷೆಯ ವರದಿಯನ್ನು ಸಂಸ್ಥೆಯ ಮುಂದಿಟ್ಟನು. ಆ ಪರೀಕ್ಷೆಗಾಗಿ ಉಕ್ಕನ್ನು ಬಡಿದುಕೊಟ್ಟವನು ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಶಸ್ತ್ರವೈದ್ಯರ ಉಪಕರಣಗಳನ್ನೂ ಕ್ಷೌರಗತ್ತಿಗಳನ್ನೂ ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್. ಭಾರತದ ಈ ಉಕ್ಕು ಯೂರೋಪಿನ ಶ್ರೇಷ್ಠವಾದ ಉಕ್ಕಿಗಿಂತಲೂ ಮೇಲೆಂದು ಆತನು ತನ್ನ ಅಂಗಡಿಯ ಚೀಟಿಯಲ್ಲಿಯೇ ಅಚ್ಚು ಹಾಕಿಸಿದ್ದನು.

ಸ್ಟೋಡಾರ್ಟನ ಈ ಆಸಕ್ತಿಯು ಒಬ್ಬ ಕಮ್ಮಾರನ ಮಗನನ್ನು ಸೆಳೆಯಿತು. ಆತನೇ ಮುಂದೆ ವಿದ್ಯುಚ್ಛಾಸ್ತ್ರದಿಂದ ಲೋಕಖ್ಯಾತನಾದ ಮೈಕೇಲ್ ಫ್ಯಾರಡೆ. 1819ರಲ್ಲಿ ಫ್ಯಾರಡೆ ನಮ್ಮ ನಾಡಿನ ಉಕ್ಕನ್ನು ವಿಶ್ಲೇಷಿಸಿದನು. ಬಳಿಕ ಸ್ಟೋಡಾರ್ಟನೊಡನೆ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಮ್, ರೋಡಿಯಮ್ ಮೊದಲಾದ ಲೋಹಗಳನ್ನು ಬೆರೆಸಿ ನೋಡಿದ ಪ್ರಯೋಗಗಳನ್ನು 1820ರಲ್ಲಿಯೂ 1822ರಲ್ಲಿಯೂ ಪ್ರಕಟಿಸಿದನು. ಐನೂರರಲ್ಲಿ ಒಂದು ಪಾಲು ಬೆಳ್ಳಿ ಸೇರಿದ ಉಕ್ಕು ಅವರಿಗೆ ಉತ್ತಮವಾಗಿ ತೋರಿತು. ಮಿಶ್ರಲೋಹಗಳಿಂದ ಮಾಡಿಸಿದ ಕ್ಷೌರಗತ್ತಿಗಳನ್ನು ಫ್ಯಾರಡೆ ತನ್ನ ಮಿತ್ರರಿಗೆ ಕಾಣಿಕೆಯಾಗಿ ಕೊಟ್ಟನು. ಈ ಸುದ್ದಿ ಹರಡಿದ್ದೇ ತಡ, ಶೆಫೀಲ್ಡಿನ ಅನೇಕ ಕತ್ತಿಗಳ ಮೇಲೆ ‘ಬೆಳ್ಳಿಯುಕ್ಕು’ ಎಂಬರ್ಥದ ಮುದ್ರೆ ಬೀಳತೊಡಗಿತು. ಕಾಲಕ್ರಮದಲ್ಲಿ ಅದು ಬರಿಯ ವ್ಯಾಪಾರದ ಬಿರುದಾಗಿ ಉಳಿಯಿತು. ಫ್ಯಾರಡೆಯ ಆ ಮಾದರಿಗಳನ್ನು ಶತಮಾನವೇ ಕಳೆದ ಮೇಲೆ ಪರೀಕ್ಷಿಸಿ, 1931ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ರಾಬರ್ಟ್ ಹ್ಯಾಡ್‌ಫೀಲ್ಡನೂ ಶೆಫೀಲ್ಡಿನವನೇ. ತುಕ್ಕು ಹಿಡಿದ ಅಗ್ಗದ ಕತ್ತಿಯ ಮೇಲೆ ‘ಬೆಳ್ಳಿಯುಕ್ಕು’ ಎಂಬ ಆ ಮುದ್ರೆಯನ್ನು ಕಂಡಾಗ, ತಂಗಡಿ ಕಡ್ಡಿಯಿಟ್ಟು ಮೂಸೆ ಮುಚ್ಚುತ್ತಿದ್ದ ಮೈಸೂರು ಸೀಮೆಯ ಕುಲುಮೆಯಿಂದ ಹೊರಟ ಒಂದು ಜಿಜ್ಞಾಸೆ ಲಂಡನ್ನಿನ ಪ್ರಯೋಗಶಾಲೆಯನ್ನು ಹಾದು ಇಲ್ಲಿಗೆ ಬಂದು ನಿಂತಿದೆಯೆಂದು ನನಗೆ ಹೆಮ್ಮೆಯೂ, ಆ ಕುಲುಮೆಗಳು ನಮ್ಮಲ್ಲಿ ಆರಿಹೋದುವಲ್ಲಾ ಎಂದು ವ್ಯಥೆಯೂ ಒಟ್ಟಿಗೇ ಆಗುವುದುಂಟು.

ಉಕ್ಕು ಎಷ್ಟು ಶ್ರೇಷ್ಠವಾದರೂ ಅದಕ್ಕೆ ಬಾಯಿ ಬರುವುದು ಸಾಣೆಯಲ್ಲಿ. ಅಲಗಿನ ಇಕ್ಕೆಲಗಳನ್ನು ವಾರೆಯಾಗಿ ಬೆಳಕಿಗೆ ಹಿಡಿದರೆ, ಬೆನ್ನಿನಿಂದ ಬಾಯಿಯ ಕಡೆಗೆ ಸಾಗಿರುವ ಸೂಕ್ಷ್ಮವಾದ ಗೀರುಗಳು ಕಾಣುವುವು. ಇವು ತಿರುಗುವ ಕಲ್ಲು ಬಿಟ್ಟ ಗುರುತುಗಳು. ನದಿಯ ದಂಡೆಯ ಕತ್ತಲೆಗವಿದ ಕೊಠಡಿಗಳಲ್ಲಿ, ಕುದುರೆಯೇರಿದಂತೆ ಮರದ ಆಸನದ ಮೇಲೆ ಕಾಲು ಇಳಿಬಿಟ್ಟು ಕುಳಿತು, ಮುಂದಕ್ಕೆ ಬಾಗಿ, ರಭಸದಿಂದ ತಿರುಗುವ ಮರಳುಗಲ್ಲಿಗೆ ಅಲಗನ್ನು ಒತ್ತಿಹಿಡಿಯುತ್ತಿದ್ದ ಅರೆಯುವವರ ಬಾಳು ಈ ಊರಿನ ಕೀರ್ತಿಯ ಕೆಳಗಿನ ಕಣ್ಣೀರಿನ ಅಧ್ಯಾಯ. ನೀರು ಹಾಕಿ ಅರೆಯುವಲ್ಲಿ ಧೂಳು ಕಡಿಮೆ. ಒಣಗಲ್ಲಿನಲ್ಲಿ ಅರೆಯುವಲ್ಲಿ ಕಲ್ಲಿನ ಮತ್ತು ಉಕ್ಕಿನ ಧೂಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶವನ್ನೇ ಕಲ್ಲಾಗಿಸುತ್ತಿತ್ತು. ‘ಅರೆಯುವವರ ಉಬ್ಬಸ’ವೆಂದು ಹೆಸರಾದ ಈ ವ್ಯಾಧಿಯನ್ನು ಕುರಿತು ಶೆಫೀಲ್ಡಿನ ವೈದ್ಯ ಆರ್ನಾಲ್ಡ್ ನೈಟ್ 1830ರಲ್ಲಿಯೂ, ಕ್ಯಾಲ್ವರ್ಟ್ ಹಾಲಂಡ್ 1843ರಲ್ಲಿಯೂ ಬರೆದರು. ಊಟದ ಮುಳ್ಳುಚಮಚಗಳನ್ನು ಒಣಗಲ್ಲಿನಲ್ಲಿ ಅರೆಯುವವರು ಮೂವತ್ತರ ಆಸುಪಾಸಿನಲ್ಲಿಯೇ ಸಾಯುತ್ತಿದ್ದರು. ಕ್ಷೌರಗತ್ತಿಯನ್ನು ಒಣಗಲ್ಲು, ಒದ್ದೆಗಲ್ಲು ಎರಡರಲ್ಲಿಯೂ ಅರೆಯುತ್ತಿದ್ದವರ ಪಾಡು ಅದಕ್ಕಿಂತ ಕೊಂಚ ಮೇಲು, ಅಷ್ಟೇ. ಜೆ. ಎಚ್. ಏಬ್ರಹಾಂ ಎಂಬ ಶೆಫೀಲ್ಡಿನವನು 1820ರ ದಶಕದ ಆದಿಯಲ್ಲಿ ಉಕ್ಕಿನ ಧೂಳನ್ನು ಅಯಸ್ಕಾಂತದಿಂದ ಸೆಳೆದು ತಡೆಯುವ ಸಾಧನವೊಂದನ್ನು ರಚಿಸಿದನು. ಅದನ್ನು ಅರೆಯುವವರೇ ಬಳಸಲೊಲ್ಲದೆ ಹೋದರು. ಕಸುಬು ನಿರಪಾಯವಾದರೆ ಜನ ಮುಗಿಬಿದ್ದು ಬಂದು ಕೂಲಿ ಇಳಿಯುವುದೆಂಬುದು ಅವರ ಭೀತಿಯಾಗಿತ್ತು. ಆಯುಸ್ಸನ್ನು ಕೂಲಿಯೊಡನೆ ತಕ್ಕಡಿಯಲ್ಲಿಟ್ಟು ತೂಗಬೇಕಾಗಿ ಬಂದ ಆ ಜನರನ್ನು ಮೂಢರೆಂದು ಕರೆಯಲು ನನಗೆ ಮನಸ್ಸು ಬಾರದು. ಹಾಗೆ ತೂಗುವ ಸ್ಥಿತಿಗೆ ಅವರನ್ನು ತಂದ ವ್ಯವಸ್ಥೆಯ ಮೇಲೆಯೇ ದೋಷವನ್ನು ಹೊರಿಸಬೇಕು. ಇದು ಸಾಲದೆಂಬಂತೆ, ತಿರುಗುವ ಕಲ್ಲು ಒಡೆದು ಸಿಡಿದು ಸತ್ತವರೂ ಇದ್ದರು. 1864ರ ಮಾರ್ಚ್ 11ರ ರಾತ್ರಿ ಡೇಲ್ ಡೈಕ್ ಅಣೆಕಟ್ಟೆ ಒಡೆದು ಲಾಕ್ಸ್‌ಲಿ ಕಣಿವೆಯಲ್ಲಿ ನುಗ್ಗಿದ ನೀರಿನಲ್ಲಿ ಸುಮಾರು 240 ಮಂದಿ ಪ್ರಾಣಬಿಟ್ಟರು; ನದಿಯ ಉದ್ದಕ್ಕೂ ಇದ್ದ ಸಾಣೆಮನೆಗಳು ಅನೇಕ ನೆಲಸಮವಾದುವು.

ಇಂತಹವರು ಅರೆದ ಅಲಗನ್ನು ಸರಿಪಡಿಸುವ ಕ್ರಮವನ್ನು ಈಗ ಹೇಳಬಹುದು. ಮೊದಲು ಭೂತಕನ್ನಡಿಯಲ್ಲಿ ಬಾಯಿಯನ್ನು ನೋಡಬೇಕು. ಮುಕ್ಕು ಇದ್ದರೆ ಚಿಂತೆಯಿಲ್ಲ. ಆದರೆ ಬಾಯಿಯಿಂದ ಬೆನ್ನಿನತ್ತ ಸಾಗಿದ ಬಿರುಕು ಕಂಡರೆ ಆ ಕತ್ತಿಯನ್ನು ಕ್ಷೌರಕ್ಕೆ ಬಳಸುವ ಆಸೆಯನ್ನು ತೊರೆಯುವುದೇ ಮೇಲು. ಕೆಂಪು ತುಕ್ಕನ್ನು ಎಣ್ಣೆಯೊಡನೆ ನುಣ್ಣನೆಯ ಪಾಲೀಶು ಕಾಗದದಿಂದ, ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ, ಹಳೆಯ ಗೀರುಗಳ ದಿಕ್ಕಿನಲ್ಲಿಯೇ ತೆಗೆಯಬೇಕು. ತುಕ್ಕು ಕೊರೆದ ಗುಳಿಗಳ ತಳವನ್ನು ಮುಟ್ಟುವ ತನಕ ತೇಯುವೆನೆಂಬ ಹಟ ಬೇಡ. ಅಲಗು ತೆಳುವಾಗಿ ಕೆಡುವುದಲ್ಲದೆ ಅದರ ಮೇಲೆ ಕೊರೆದಿರಬಹುದಾದ ಹಡಗು, ಹದ್ದು, ಬಳ್ಳಿಗಳ ಚಿತ್ರಗಳೂ, ಅವುಗಳ ಮೇಲಿನ ತೆಳುವಾದ ಚಿನ್ನದ ಲೇಪವೂ ಇಲ್ಲವಾಗುವುವು. ಹಿಂದೆ ಶೆಫೀಲ್ಡಿನ ಸಾಮಾನಿಗೆ ಕೊನೆಯ ಹೊಳಪು ಕೊಡುತ್ತಿದ್ದವರಲ್ಲಿ ಹೆಂಗಸರು ಬಹುಮಂದಿ. ಕಂದು ಕಾಗದವನ್ನು ಮೈಗೆ ಸುತ್ತಿ, ತಲೆಗೆ ಕೆಂಪು ವಸ್ತ್ರ ಕಟ್ಟಿ ದುಡಿದ ಅವರ ಕೆಲಸದ ಮೇಲೆ ನಮ್ಮ ಅವಸರದ ಚಕ್ರವನ್ನು ಹಾಯಿಸುವುದು ಉಚಿತವಲ್ಲ. ಅಪಾಯ ಇನ್ನೊಂದಿದೆ. ಕಾಯಿಸಿ ತಟ್ಟನೆ ತಣಿಸಿದ ಉಕ್ಕನ್ನು ಮತ್ತೆ ಮಂದವಾಗಿ, ಒಣಹುಲ್ಲಿನ ತಿಳಿಹಳದಿ ಬಣ್ಣ ಮೂಡುವವರೆಗೆ ಕಾಯಿಸಿ ಹದ ಬರಿಸಿರುತ್ತಾರೆ. ಕಾಗದದಷ್ಟು ತೆಳ್ಳಗಿರುವ ಬಾಯಿಯು ಚಕ್ರದ ತಿಕ್ಕಾಟದಲ್ಲಿ ಕ್ಷಣಮಾತ್ರದಲ್ಲಿ ಆ ಶಾಖವನ್ನು ಮೀರಿ ನೀಲಿಗಟ್ಟಿದರೆ, ಹೋದ ಹದವನ್ನು ಮನೆಯಲ್ಲಿ ಮರಳಿ ತರಲಾಗದು.

ಜಾನ್ ರಸ್ಕಿನ್ 1849ರಲ್ಲಿ ಬರೆದ ವಾಸ್ತುಶಿಲ್ಪದ ಗ್ರಂಥದಲ್ಲಿ, ಹಳೆಯ ಕಟ್ಟಡಗಳನ್ನು ಕೆರೆದು ಹೊಸದಾಗಿಸುವ ಜೀರ್ಣೋದ್ಧಾರವು ನಾಶದ ಮತ್ತೊಂದು ರೂಪವೆಂದು ವಾದಿಸಿದನು. ಅದೇ ಭಾವನೆಯಿಂದ ವಿಲಿಯಂ ಮಾರಿಸ್ 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗಾಗಿ ಸಂಘವನ್ನು ಕಟ್ಟಿದನು. ಆ ರಸ್ಕಿನ್ನನೇ 1875ರಲ್ಲಿ ಶೆಫೀಲ್ಡಿನ ವಾಕ್ಲಿ ಎಂಬಲ್ಲಿ, ಉಕ್ಕಿನ ಕೆಲಸಗಾರರು ಕಣ್ತುಂಬ ನೋಡಿ ಕಲಿಯಲೆಂದು ಚಿತ್ರಗಳನ್ನೂ ಖನಿಜಗಳನ್ನೂ ಹೊತ್ತಗೆಗಳನ್ನೂ ಕೂಡಿಸಿ ಒಂದು ಸಂಗ್ರಹಾಲಯವನ್ನು ತೆರೆದನು. ಕಲ್ಲಿನ ಕಟ್ಟಡಕ್ಕೆ ಆತನು ಹೇಳಿದ್ದು ಆ ಕೆಲಸಗಾರರ ಕೈಯಿಂದ ಬಂದ ಉಕ್ಕಿಗೂ ಸಲ್ಲತಕ್ಕದ್ದೆಂದು ನನ್ನ ಮತ. ಆದರೆ ಒಂದು ಭೇದವಿದೆ: ಕ್ಷೌರಗತ್ತಿಯು ಹರಿತವಾಗಿದ್ದರೇ ಕತ್ತಿ. ಮೈಯನ್ನು ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಒಳ್ಳೆಯದಾದರೂ, ಬಾಯಿಯನ್ನು ಮುಟ್ಟದಿರುವಂತಿಲ್ಲ.

ಮುಕ್ಕಾದ ಬಾಯಿಯನ್ನು ಒರಟು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮುಕ್ಕು ಮರೆಯಾಗುವಷ್ಟೇ ತೇಯ್ದು, ಬಳಿಕ ಬೆನ್ನು ಬಾಯಿಗಳೆರಡೂ ಕಲ್ಲಿಗೆ ಒಟ್ಟಿಗೆ ತಾಗುವಂತೆ ಅಲಗನ್ನು ಮಲಗಿಸಿ ಮಸೆಯಬೇಕು. ಕತ್ತಿಯ ಕೋನವನ್ನು ನಿರ್ಣಯಿಸುವುದು ಅದರ ಬೆನ್ನಿನ ದಪ್ಪವೇ ಆದ್ದರಿಂದ ಮಸೆಯುವವನು ಕೈಯನ್ನು ನಂಬಬೇಕಾಗಿಲ್ಲ, ಮಾಡಿದವನನ್ನು ನಂಬಿದರೆ ಸಾಕು. ಹಳೆಯ ಶೆಫೀಲ್ಡಿನ ಅಲಗುಗಳು ಹಲವು ಕೊಂಚ ಬಾಗಿರುತ್ತವೆ; ಅವಕ್ಕೆ ಅಗಲ ಕಿರಿದಾದ ಕಲ್ಲು ಮತ್ತು ಓರೆಯಾಗಿ ಎಳೆಯುವ ಕ್ರಮ ಬೇಕು. ಬೆನ್ನು ಸವೆದಿರುವ ಬಗೆಯಿಂದ ಹಿಂದಿನ ಒಡೆಯರ ಕೈವಾಡವೂ ತಿಳಿಯುವುದು: ಕೀಲಿಗೆ ಹತ್ತಿರದ ಹಿಮ್ಮಡಿಯ ಕಡೆ ಹೆಚ್ಚು ಸವೆದಿದ್ದರೆ ಅಲ್ಲಿ ಬಿಗಿಯಾಗಿ ಒತ್ತುತ್ತಿದ್ದವನೊಬ್ಬನಿದ್ದನು. ಅಲಗಿನ ಅಗಲವನ್ನು ಅಂಗುಲದ ಎಂಟನೆಯ ಭಾಗಗಳಲ್ಲಿ ಅಳೆಯುವುದು ರೂಢಿ. ಆರು ಭಾಗವಿದ್ದದ್ದು ಐದಕ್ಕೆ ಇಳಿದಿದ್ದರೆ, ಆ ಒಂದು ಭಾಗವು ಯಾರದೋ ಬಾಳಿನ ಬೆಳಗುಗಳಲ್ಲಿ ಸವೆದದ್ದು. ಕೊನೆಯ ಹದಕ್ಕೆ ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಗಳ ಹಳದಿಯ ಕೋಟಿಕ್ಯೂಲ್ ಕಲ್ಲು ಹೆಸರುವಾಸಿ. ಅದರಲ್ಲಿ ಹುದುಗಿರುವ ಸೂಕ್ಷ್ಮವಾದ ಗಾರ್ನೆಟ್ ಹರಳುಗಳು ಉಕ್ಕನ್ನು ನಯವಾಗಿ ಕೊರೆಯುತ್ತವೆ. ಆಮೇಲೆ ಚರ್ಮದ ಪಟ್ಟಿಯ ಮೇಲೆ ಎಳೆದರೆ ಕತ್ತಿ ಕ್ಷೌರಕ್ಕೆ ಸಿದ್ಧ. ಪ್ಯಾರಿಸಿನ ಕತ್ತಿಗಾರ ಜೀನ್ ಜಾಕ್ ಪೆರೆ ಹದಿನೆಂಟನೆಯ ಶತಮಾನದಲ್ಲಿಯೇ, ತನ್ನ ಗಡ್ಡವನ್ನು ತಾನೇ ತೆಗೆದುಕೊಳ್ಳಲು ಕಲಿಸುವ ಒಂದು ಗ್ರಂಥವನ್ನು ರಚಿಸಿದ್ದನು. ಉಕ್ಕಿಗೂ ವಿಶ್ರಾಂತಿ ಬೇಕೆಂದು ನಂಬಿ, ವಾರದ ದಿನಕ್ಕೊಂದರಂತೆ ಏಳು ಕತ್ತಿಗಳ ಪೆಟ್ಟಿಗೆಯನ್ನು ಇಟ್ಟುಕೊಂಡಿದ್ದ ಸಿರಿವಂತರೂ ಉಂಟು.

ಹಿಡಿಯ ವಿಷಯ ಹೆಚ್ಚಿಲ್ಲ. ಒಣಗಿ ಸೊಟ್ಟಗಾದ ಕೊಂಬನ್ನು ದನದ ಗೊರಸಿನ ಎಣ್ಣೆಯಲ್ಲಿ ನೆನೆಯಿಟ್ಟರೆ ಬಹುಮಟ್ಟಿಗೆ ಚೇತರಿಸಿಕೊಳ್ಳುವುದು. ದಂತದ ಹಿಡಿಯಾದರೆ 1989ರ ಅಂತರರಾಷ್ಟ್ರೀಯ ನಿಷೇಧದ ಬಳಿಕ ಗಡಿ ದಾಟಿಸಿ ಕೊಳ್ಳುವ ಯೋಚನೆಯನ್ನೇ ಬಿಡಬೇಕು. ಜಾಗರೂಕತೆ ಬೇಕಾದದ್ದು 1870ರ ಬಳಿಕ ಬಂದ ಸೆಲ್ಯುಲಾಯ್ಡಿನ ವಿಷಯದಲ್ಲಿ. ಅದು ಹಳತಾದಂತೆ ಕೊಳೆತು ಆಮ್ಲದ ಆವಿಯನ್ನು ಉಗುಳಿ, ತನ್ನೊಳಗೆ ಮಡಿಸಿಟ್ಟ ಅಲಗನ್ನೇ ತಿಂದುಹಾಕುವುದು; ಅಂತಹ ಹಿಡಿಯನ್ನು ಮಾತ್ರ ಮರುಕವಿಲ್ಲದೆ ಬದಲಾಯಿಸಬೇಕು.

ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ಬಿಸುಡುವ ಬ್ಲೇಡು ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಚೀಲ ಸೇರಿದ ಮೇಲೆ ಈ ಕತ್ತಿಗಳ ಕಾಲ ಮುಗಿಯಿತು. ಇಂದು ಜರ್ಮನಿಯ ಜೋಲಿಂಗನ್, ಫ್ರಾನ್ಸಿನ ತಿಯೇರ್ ಮೊದಲಾದ ಕೆಲವೇ ಕಡೆ ಇವು ತಯಾರಾಗುತ್ತಿವೆ. ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಕಂಡುಹಿಡಿದ ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನ ಬಡ ಕುಟುಂಬದ ಮಗ. ಆದರೆ ನಮ್ಮ ಕೈಯಲ್ಲಿರುವುದು ಅದಕ್ಕಿಂತ ಮೊದಲಿನ ಉಕ್ಕು. ಆದುದರಿಂದ ಕ್ಷೌರ ಮುಗಿದೊಡನೆ ಅಲಗನ್ನೂ, ಬಹುಮಂದಿ ಮರೆಯುವ ಕೀಲಿನ ಸಂದನ್ನೂ ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಗಾಳಿಯಾಡುವಲ್ಲಿ ಇಡತಕ್ಕದ್ದು. ಹಿಡಿಯನ್ನು ಬಿಚ್ಚಿ ಮತ್ತೆ ಜೋಡಿಸುವುದಾದರೆ, ಹೊಸ ಕೀಲಿಗೆ ಹಿತ್ತಾಳೆಯ ತಂತಿಯನ್ನು ಬಳಸಿ, ಅದರ ತಲೆಗಳನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಅರಳಿಸುವಾಗ, ಕೀಲಿನ ತಲೆಯಡಿಯ ಹಳೆಯ ಬಿಲ್ಲೆಗಳು ಗಟ್ಟಿಯಾಗಿದ್ದರೆ ಅವನ್ನೇ ಮರಳಿ ಕೂಡಿಸಬೇಕು.